ಅಗತ್ತಿಗೆ ಎಟಿಆರ್ ವಿಮಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಿಂದ ಲಕ್ಷದ್ವೀಪಕ್ಕೆ ನೇರ ವಿಮಾನ ಶುರುವಾದ ಮೇಲೆ ಗುರುತಿನವರು, ಗುರುತಿಲ್ಲದವರು ಎಲ್ಲರೂ ಕೇಳುತ್ತಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಲಗೇಜ್ ಯಾಕೆ ಹಿಂದೆ ಉಳಿಯುತ್ತದೆ, ಟಿಕೆಟ್ ಯಾಕೆ ದುಬಾರಿ, ಮಳೆ ಬಂದರೆ ವಿಮಾನ ಯಾಕೆ ಅರ್ಧ ದಾರಿಯಿಂದ ವಾಪಸ್ ಬರುತ್ತದೆ ಅಂತೆಲ್ಲ ಕೇಳುತ್ತೀರಲ್ಲ, ಮುಕ್ಕಾಲು ಪಾಲು ಪ್ರಶ್ನೆಗಳ ಮೂಲ ಒಂದೇ. ಲಕ್ಷದ್ವೀಪದಲ್ಲಿ ವಿಮಾನ ಇಳಿಯುವ ಅಗತ್ತಿ ದ್ವೀಪದ ರನ್‌ವೇ ಉದ್ದ ಬರೀ 1,204 ಮೀಟರ್.

ಲಕ್ಷದ್ವೀಪದಲ್ಲಿ ವಿಮಾನ ಇಳಿಯುವುದು ಎಲ್ಲಿ?

ಅಗತ್ತಿಯಲ್ಲಿ ಮಾತ್ರ. ಜನವಸತಿ ಇರುವ ದ್ವೀಪಗಳು ಹತ್ತು, ಆದರೆ ಪ್ರಯಾಣಿಕರ ವಿಮಾನ ಇಳಿಯುವ ರನ್‌ವೇ ಇರುವುದು ಇದೊಂದರಲ್ಲೇ. ರಾಜಧಾನಿ ಕವರತ್ತಿಯಲ್ಲೂ ಇಲ್ಲ. ಅಲ್ಲಿರುವುದು ಹೆಲಿಪ್ಯಾಡ್.

ಅಗತ್ತಿ ಉದ್ದಕ್ಕೆ ಚಾಚಿಕೊಂಡ ತೆಳ್ಳನೆಯ ದ್ವೀಪ. ಉದ್ದ ಏಳು ಕಿಲೋಮೀಟರ್ ಮೇಲೆ, ಅಗಲ ಎಲ್ಲೂ ಒಂದು ಕಿಲೋಮೀಟರ್ ದಾಟುವುದು ಕಷ್ಟ. ಅದರ ದಕ್ಷಿಣದ ತುದಿಯಲ್ಲಿ ನೆಲ ಇನ್ನೂ ಕಿರಿದಾಗುತ್ತಾ ಹೋಗುವ ಕಡೆ ರನ್‌ವೇ ಹಾಕಿದ್ದಾರೆ. ಎಡಕ್ಕೂ ಸಮುದ್ರ, ಬಲಕ್ಕೂ ಸಮುದ್ರ. ಕೊಚ್ಚಿಯಿಂದ ಅಲ್ಲಿಗೆ ಸುಮಾರು 460 ಕಿಲೋಮೀಟರ್.

ಬೆಂಗಳೂರಿನಿಂದ ನೇರ ವಿಮಾನ ನಿಜವಾಗಿಯೂ ಇದೆಯಾ?

2024ರ ಮಾರ್ಚ್ 31ರಂದು ಇಂಡಿಗೋ ಬೆಂಗಳೂರು–ಅಗತ್ತಿ ನೇರ ಎಟಿಆರ್, ಅಂದರೆ ಎರಡು ಪ್ರೊಪೆಲ್ಲರಿನ ಸಣ್ಣ ವಿಮಾನ, ಶುರು ಮಾಡಿತು. ಅದೇ ವರ್ಷ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿ ಬಂದ ಮೇಲೆ ಇಡೀ ದೇಶ ಆ ದ್ವೀಪಗಳನ್ನು ಹುಡುಕತೊಡಗಿತ್ತು. ಅದಕ್ಕೂ ಮುಂಚೆ ಬಹಳ ಕಾಲ ಕೊಚ್ಚಿಯಿಂದ ಅಲಯನ್ಸ್ ಏರ್ ಒಂದನ್ನೇ ನೆಚ್ಚಿಕೊಳ್ಳಬೇಕಿತ್ತು. 2024ರಲ್ಲೇ ಗೋವಾದ ಮೋಪಾದಿಂದ ಫ್ಲೈ91 ಕೂಡ ಬಂತು.

ಒಂದು ಎಚ್ಚರಿಕೆ. ಇಂಥ ಸಣ್ಣ ಮಾರ್ಗಗಳ ವೇಳಾಪಟ್ಟಿ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಮಾರ್ಚ್ ಕೊನೆಯಲ್ಲಿ ಬೇಸಿಗೆ ವೇಳಾಪಟ್ಟಿ, ಅಕ್ಟೋಬರ್ ಕೊನೆಯಲ್ಲಿ ಚಳಿಗಾಲದ ವೇಳಾಪಟ್ಟಿ ಬರುತ್ತದೆ. ಆ ಎರಡು ಸಲ ದಿನ, ಸಮಯ, ಕೆಲವು ಸಲ ಮಾರ್ಗವೇ ಬದಲಾಗಬಹುದು. ಕಳೆದ ವರ್ಷ ಹೋಗಿ ಬಂದ ಭಾವ ಹೇಳಿದ ಟೈಮಿಂಗ್ ನಂಬಿ ರಜೆ ಹಾಕಬೇಡಿ.

ದೊಡ್ಡ ಜೆಟ್ ವಿಮಾನ ಯಾಕೆ ಹೋಗುವುದಿಲ್ಲ?

ಇಳಿಯಲು ಜಾಗ ಇಲ್ಲ, ಅಷ್ಟೇ. ಹೋಲಿಸಿ ನೋಡಿ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ರನ್‌ವೇ 4,000 ಮೀಟರ್. ಗುಡ್ಡದ ತಲೆಯ ಮೇಲಿದೆ, ಚಿಕ್ಕದು ಅಂತ ನಾವೆಲ್ಲ ಭಯಪಡುವ ಮಂಗಳೂರಿನ ರನ್‌ವೇ 2,450 ಮೀಟರ್. ಅಗತ್ತಿಯದು ಅದರ ಅರ್ಧಕ್ಕೂ ಒಂಚೂರು ಕಮ್ಮಿ. ಬೋಯಿಂಗ್ 737 ಅಥವಾ ಏರ್‌ಬಸ್ 320 ತುಂಬಾ ಜನರನ್ನು ಕೂರಿಸಿಕೊಂಡು ಅಲ್ಲಿ ಇಳಿದು ಏಳುವ ಮಾತೇ ಇಲ್ಲ.

ಟರ್ಬೊಪ್ರಾಪ್, ಅಂದರೆ ಎಟಿಆರ್‌ನಂಥ ಪ್ರೊಪೆಲ್ಲರ್ ವಿಮಾನ, ಇಲ್ಲಿ ಗೆಲ್ಲುವುದು ಕೆಲವು ಕಾರಣಗಳಿಗೆ. ದೊಡ್ಡ ಪ್ರೊಪೆಲ್ಲರ್ ಕಡಿಮೆ ವೇಗದಲ್ಲೂ ಗಾಳಿಯನ್ನು ಜೋರಾಗಿ ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಬೇಗ ವೇಗ ಸಿಗುತ್ತದೆ. ಆ ಗಾಳಿ ರೆಕ್ಕೆಯ ಮೇಲೇ ಹಾದುಹೋಗುವುದರಿಂದ ಮೇಲೆತ್ತುವ ಬಲವೂ ಹೆಚ್ಚು. ಇಳಿದ ತಕ್ಷಣ ಪ್ರೊಪೆಲ್ಲರ್ ಅಲಗುಗಳ ಕೋನ ತಿರುಗಿಸಿದರೆ ಅದೇ ಬ್ರೇಕ್ ಥರ ಕೆಲಸ ಮಾಡುತ್ತದೆ. ಜೊತೆಗೆ ಸಣ್ಣ ದೂರಕ್ಕೆ ಜೆಟ್‌ಗಿಂತ ಎಷ್ಟೋ ಕಡಿಮೆ ಇಂಧನ ಸಾಕು.

ಆದರೆ ಎಟಿಆರ್ 72 ಕೂಡ ಇಲ್ಲಿ ಪೂರ್ತಿ ಕೈಕಾಲು ಬಿಟ್ಟು ಕೂರುವಂತಿಲ್ಲ. ತುಂಬಿದ ತೂಕದಲ್ಲಿ, ಸಾಧಾರಣ ಹವೆಯಲ್ಲಿ ಅದು ಮೇಲೇಳಲು ಸುಮಾರು 1,300 ಮೀಟರ್ ಬೇಕು. ಇರುವುದು 1,204. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ವಿಮಾನಕ್ಕೂ ಸಲ್ಲುತ್ತದೆ. ತೂಕ ಇಳಿಸಲೇಬೇಕು. ಅದು ಪ್ರಯಾಣಿಕರ ತೂಕವೋ, ಸೂಟ್‌ಕೇಸಿನದೋ, ಇಂಧನದ್ದೋ ಅನ್ನುವುದು ಆಯಾ ದಿನದ ಲೆಕ್ಕ.

ರನ್‌ವೇ ಉದ್ದ ಮಾಡಿಬಿಡಬಹುದಲ್ವಾ?

ಮಾಡಬೇಕು ಅನ್ನುವ ಯೋಜನೆ ಹಳೆಯದು. ಏರ್‌ಬಸ್ ಮಟ್ಟದ ವಿಮಾನ ಇಳಿಯುವಂತೆ ವಿಸ್ತರಿಸುವ ಮಾತು ಮತ್ತೆ ಮತ್ತೆ ಬಂದಿದೆ. ಮಿನಿಕಾಯ್‌ನಲ್ಲಿ ಹೊಸ ನಿಲ್ದಾಣ ಕಟ್ಟುವ ಪ್ರಸ್ತಾಪವೂ ಇದೆ. ಆದರೆ ಅಗತ್ತಿಯಲ್ಲಿ ರನ್‌ವೇ ಮುಗಿದ ಕಡೆ ನೆಲವೂ ಮುಗಿಯುತ್ತದೆ. ಅದರಾಚೆ ಹವಳದ ದಿಬ್ಬ, ಅದರಾಚೆ ಕಲ್ಪಿಟ್ಟಿ ಅನ್ನುವ ಜನವಸತಿ ಇಲ್ಲದ ಪುಟ್ಟ ದ್ವೀಪ. ಉದ್ದ ಮಾಡುವುದು ಅಂದರೆ ಸಮುದ್ರ ತುಂಬುವುದು ಅಥವಾ ಹವಳದ ಮೇಲೆ ಕಂಬ ನೆಡುವುದು.

ಆ ಹವಳವೇ ಅಲೆಗಳ ಹೊಡೆತ ತಡೆದು ದ್ವೀಪವನ್ನು ಉಳಿಸಿಕೊಂಡಿರುವುದು. ಸಮುದ್ರ ಮಟ್ಟದಿಂದ ಕೆಲವೇ ಮೀಟರ್ ಎತ್ತರದ ಊರು ಅದು. ಇಡೀ ಲಕ್ಷದ್ವೀಪದ ನೆಲ ಸೇರಿಸಿದರೂ 32 ಚದರ ಕಿಲೋಮೀಟರ್. ಅಲ್ಲಿ ಒಂದು ಕಿಲೋಮೀಟರ್ ಟಾರು ಹಾಕುವುದು ಅಂದರೆ ನಮ್ಮೂರಿನ ಬೈಪಾಸ್ ಹಾಕಿದ ಹಾಗಲ್ಲ. ನನ್ನನ್ನು ಕೇಳಿದರೆ, ದೊಡ್ಡ ವಿಮಾನ ಒಂದಕ್ಕಿಂತ ದಿನಕ್ಕೆ ಇನ್ನೊಂದೆರಡು ಸಣ್ಣ ವಿಮಾನ ಆ ಊರಿಗೆ ಒಳ್ಳೆಯದು. 180 ಜನ ಒಟ್ಟಿಗೆ ಇಳಿದರೆ ಅವರಿಗೆ ಕುಡಿಯುವ ನೀರು ಎಲ್ಲಿಂದ ತರುತ್ತೀರಿ?

ಪ್ರೊಪೆಲ್ಲರ್ ವಿಮಾನ ಅಂದರೆ ಹಳೇ ಕಾಲದ್ದಾ? ಭಯ ಆಗುತ್ತೆ.

ಇಲ್ಲ. ಎಟಿಆರ್ 72-600 ಇವತ್ತಿಗೂ ತಯಾರಾಗುತ್ತಿರುವ ವಿಮಾನ. ಹೊರಗೆ ಫ್ಯಾನ್ ಕಾಣುತ್ತದೆ, ಆದರೆ ಒಳಗೆ ಇರುವುದು ಜೆಟ್ ಇಂಜಿನ್‌ನದೇ ತಂತ್ರ. ಇಂಧನ ಉರಿದು ಬಿಸಿ ಗಾಳಿ ಟರ್ಬೈನ್ ತಿರುಗಿಸುತ್ತದೆ, ಆ ಟರ್ಬೈನ್ ಪ್ರೊಪೆಲ್ಲರ್ ತಿರುಗಿಸುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿ, ಕಲಬುರಗಿ, ಶಿವಮೊಗ್ಗ ಕಡೆ ಹಾರಿದವರಲ್ಲಿ ಬಹಳ ಮಂದಿ ಈಗಾಗಲೇ ಇದೇ ವಿಮಾನದಲ್ಲಿ ಕೂತಿದ್ದಾರೆ. ಗಮನಿಸಿರುವುದಿಲ್ಲ, ಅಷ್ಟೇ.

ಸಮುದ್ರದ ಮಧ್ಯೆ ಒಂದು ಇಂಜಿನ್ ನಿಂತುಹೋದರೆ?

ಇನ್ನೊಂದರಲ್ಲಿ ಹಾರುತ್ತದೆ. ಎರಡು ಇಂಜಿನ್ ಇಟ್ಟಿರುವುದೇ ಅದಕ್ಕೆ. ನಿಂತ ಇಂಜಿನ್ನಿನ ಪ್ರೊಪೆಲ್ಲರ್ ಅಲಗುಗಳು ಗಾಳಿಗೆ ಅಂಚು ಕೊಟ್ಟು ನಿಲ್ಲುತ್ತವೆ. ಆಗ ಅದು ವಿಮಾನವನ್ನು ಹಿಂದಕ್ಕೆ ಎಳೆಯುವುದಿಲ್ಲ. ಮೇಲೇಳುವ ಹೊತ್ತಿನಲ್ಲಿ ಹೀಗಾದರೆ ಈ ಕೆಲಸ ತಾನಾಗಿಯೇ ಆಗುತ್ತದೆ, ಉಳಿದ ಇಂಜಿನ್ ತಾನಾಗಿಯೇ ಹೆಚ್ಚು ಶಕ್ತಿ ಕೊಡುತ್ತದೆ.

ತೂಕದ ಲೆಕ್ಕ ಯಾಕೆ ಅಷ್ಟು ಕಟ್ಟುನಿಟ್ಟು ಅನ್ನುವುದಕ್ಕೆ ಉತ್ತರವೂ ಇಲ್ಲೇ ಇದೆ. ರನ್‌ವೇ ಮೇಲೆ ಓಡುವಾಗ ಒಂದು ನಿರ್ಧಾರದ ವೇಗ ಇರುತ್ತದೆ. ಅದಕ್ಕೆ ಮುಂಚೆ ಇಂಜಿನ್ ಕೈಕೊಟ್ಟರೆ ಉಳಿದ ರನ್‌ವೇಯೊಳಗೆ ವಿಮಾನ ನಿಲ್ಲಬೇಕು. ಆಮೇಲೆ ಕೈಕೊಟ್ಟರೆ ಒಂದೇ ಇಂಜಿನ್ನಿನಲ್ಲಿ ಸುರಕ್ಷಿತವಾಗಿ ಮೇಲೇರಬೇಕು. ಎರಡೂ ಸಾಧ್ಯವಾಗುವಷ್ಟೇ ತೂಕ ಹೇರುತ್ತಾರೆ. ಸೀಟು ಖಾಲಿ ಇಟ್ಟು ಹೊರಟ ವಿಮಾನ ನೋಡಿ ಬೈಯುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ಹತ್ತುವಾಗ ಒಂದು ಫ್ಯಾನ್ ನಿಂತಿತ್ತು, ಆದರೂ ಇಂಜಿನ್ ಸದ್ದು ಬರುತ್ತಿತ್ತು. ಯಾಕೆ?

ಒಳ್ಳೆಯ ಕಣ್ಣು ನಿಮ್ಮದು. ದೊಡ್ಡ ವಿಮಾನಗಳ ಬಾಲದಲ್ಲಿ ಒಂದು ಪುಟ್ಟ ಸಹಾಯಕ ಇಂಜಿನ್ ಇರುತ್ತದೆ. ನೆಲದ ಮೇಲೆ ನಿಂತಾಗ ಕರೆಂಟು, ಎಸಿ ಅದರಿಂದಲೇ. ಎಟಿಆರ್ 72ರಲ್ಲಿ ಅದಿಲ್ಲ. ಅದರ ಬದಲು ಬಲಗಡೆಯ ಇಂಜಿನ್ ಚಾಲೂ ಇಟ್ಟು ಪ್ರೊಪೆಲ್ಲರಿಗೆ ಮಾತ್ರ ಬ್ರೇಕ್ ಹಾಕುತ್ತಾರೆ. ಇಂಜಿನ್ ಉರಿಯುತ್ತಿರುತ್ತದೆ, ಫ್ಯಾನ್ ತಿರುಗುವುದಿಲ್ಲ. ಪೈಲಟ್‌ಗಳು ಇದನ್ನು ಹೋಟೆಲ್ ಮೋಡ್ ಅನ್ನುತ್ತಾರೆ. ಅದೂ ಚಾಲೂ ಇಲ್ಲದಾಗ ಮಧ್ಯಾಹ್ನದ ಅಗತ್ತಿಯಲ್ಲಿ ಒಳಗೆ ಚೆನ್ನಾಗಿ ಬೆವರುತ್ತೀರಿ. ಸೀಟಿನ ಜೇಬಿನಲ್ಲಿರುವ ಸುರಕ್ಷತಾ ಕಾರ್ಡೇ ಬೀಸಣಿಗೆ.

ಇಳಿಯುವಾಗ ದಡ್ ಅಂತ ನೆಲಕ್ಕೆ ಹೊಡೆಯುತ್ತಂತೆ. ಹೌದಾ?

ಹೌದು, ಅದು ಪೈಲಟ್ ಬೇಕಂತಲೇ ಮಾಡುವುದು. ಉದ್ದ ರನ್‌ವೇ ಇದ್ದರೆ ವಿಮಾನವನ್ನು ಸ್ವಲ್ಪ ತೇಲಿಸಿಕೊಂಡು ಹೋಗಿ ಹಗುರವಾಗಿ ಕೂರಿಸಬಹುದು. ಅಗತ್ತಿಯಲ್ಲಿ ತೇಲಿದ ಪ್ರತಿ ಸೆಕೆಂಡಿಗೂ ಐವತ್ತು ಮೀಟರಿನಷ್ಟು ರನ್‌ವೇ ಖರ್ಚು. ಅದಕ್ಕೇ ನಿಗದಿಯಾದ ಜಾಗದಲ್ಲಿ ಗಟ್ಟಿಯಾಗಿ ಚಕ್ರ ಊರುತ್ತಾರೆ.

ಮೊದಲ ಸಲ ಹೋಗುವವರಿಗೆ ಕಾಣುವುದು ಹೀಗೆ. ಕಡು ನೀಲಿ ಇದ್ದ ಸಮುದ್ರ ಇದ್ದಕ್ಕಿದ್ದಂತೆ ತಿಳಿ ಹಸಿರಾಗುತ್ತದೆ. ನೀರಿನ ಕೆಳಗಿನ ಹವಳದ ಕಪ್ಪು ತೇಪೆಗಳೂ ಕಾಣುತ್ತವೆ. ವಿಮಾನ ಕೆಳಗಿಳಿಯುತ್ತಲೇ ಇರುತ್ತದೆ, ಕಿಟಕಿಯಲ್ಲಿ ಮಾತ್ರ ಬರೀ ನೀರು. ಚಕ್ರ ನೀರಿಗೇ ಮುಟ್ಟಿತು ಅನ್ನುವಾಗ ಒಂದು ಸಾಲು ಕಲ್ಲು, ಒಂಚೂರು ಮರಳು, ಕೂಡಲೇ ದಡ್. ಮರುಕ್ಷಣವೇ ಪ್ರೊಪೆಲ್ಲರ್ ಸದ್ದು ಬದಲಾಗಿ ಗೊರ ಗೊರ ಅನ್ನುತ್ತದೆ, ಬೆಲ್ಟಿಗೆ ಹೊಟ್ಟೆ ಒತ್ತುತ್ತದೆ, ಎದುರು ಸೀಟಿನ ಕೆಳಗಿನ ನೀರಿನ ಬಾಟಲಿ ಮುಂದಕ್ಕೆ ಉರುಳುತ್ತದೆ. ನಿಂತ ಮೇಲೆ ವಿಮಾನ ಅದೇ ರನ್‌ವೇ ಮೇಲೆ ತಿರುಗಿ ಟರ್ಮಿನಲ್ ಕಡೆ ವಾಪಸ್ ಬರುತ್ತದೆ. ಪಕ್ಕದಲ್ಲಿ ಇನ್ನೊಂದು ದಾರಿ ಹಾಕಲು ಜಾಗವಾದರೂ ಎಲ್ಲಿದೆ?

ಯಾವ ಸೀಟು ತೆಗೆದುಕೊಳ್ಳಬೇಕು?

ಕಿಟಕಿ ಸೀಟೇ ತೆಗೆದುಕೊಳ್ಳಿ, ಇದರಲ್ಲಿ ಎರಡು ಮಾತಿಲ್ಲ. ಎಟಿಆರ್‌ನ ರೆಕ್ಕೆ ಮೇಲ್ಗಡೆ ಇದೆ. ಹಾಗಾಗಿ ರೆಕ್ಕೆಯ ಪಕ್ಕದಲ್ಲೇ ಕೂತರೂ ಕೆಳಗಿನ ನೋಟ ಮುಚ್ಚುವುದಿಲ್ಲ. ಒಂದೊಂದು ಬದಿಗೆ ಎರಡೆರಡೇ ಸೀಟು, ಮಧ್ಯದ ಸೀಟಿನ ಕಾಟವಿಲ್ಲ.

ಹಿಂದಿನ ಸಾಲುಗಳು ವಾಸಿ. ಪ್ರೊಪೆಲ್ಲರ್ ಸದ್ದು ಮುಂದಿನ ಅರ್ಧದಲ್ಲಿ ಜಾಸ್ತಿ. ಹತ್ತುವ ಇಳಿಯುವ ಬಾಗಿಲು ಹಿಂದೆ ಇದೆ, ಮುಂದಿನ ಬಾಗಿಲು ಲಗೇಜಿಗೆ. ಬೋಯಿಂಗ್ ಅಭ್ಯಾಸದಲ್ಲಿ ದುಡ್ಡು ಕೊಟ್ಟು ಮೊದಲ ಸಾಲು ತೆಗೆದುಕೊಂಡವರು ಎಲ್ಲರಿಗಿಂತ ಕೊನೆಗೆ ಇಳಿಯುತ್ತಾರೆ.

ಎಡವೋ ಬಲವೋ? ದೊಡ್ಡ ಲಗೂನ್, ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ತಿಳಿನೀರು, ಇರುವುದು ದ್ವೀಪದ ಪಶ್ಚಿಮಕ್ಕೆ. ವಿಮಾನ ನೈಋತ್ಯದ ಕಡೆಯಿಂದ ಬಂದು ಇಳಿದರೆ ಎಡಗಡೆಯವರಿಗೆ ಹಬ್ಬ, ಈಶಾನ್ಯದ ಕಡೆಯಿಂದ ಬಂದರೆ ಬಲಗಡೆಯವರಿಗೆ. ಅದನ್ನು ತೀರ್ಮಾನಿಸುವುದು ಆ ದಿನದ ಗಾಳಿ. ಹೋಗುವಾಗ ಒಂದು ಕಡೆ, ಬರುವಾಗ ಇನ್ನೊಂದು ಕಡೆ ಕೂತರೆ ಜಗಳವೇ ಇಲ್ಲ.

ಜಾಸ್ತಿ ಅಲ್ಲಾಡುತ್ತಾ?

ಜೆಟ್‌ಗಿಂತ ಸ್ವಲ್ಪ ಜಾಸ್ತಿಯೇ. ಜೆಟ್‌ಗಳು ಮೂವತ್ತೈದು ಸಾವಿರ ಅಡಿಯ ಆಸುಪಾಸಿನಲ್ಲಿ, ಮೋಡಗಳ ಮೇಲೆ ಹೋಗುತ್ತವೆ. ಎಟಿಆರ್ ಇಪ್ಪತ್ತೈದು ಸಾವಿರ ಅಡಿ ದಾಟುವಂತಿಲ್ಲ, ಸಾಮಾನ್ಯವಾಗಿ ಅದಕ್ಕೂ ಕೆಳಗೇ ಹಾರುತ್ತದೆ. ಮೋಡಗಳ ನಡುವೆಯೇ ದಾರಿ ಮಾಡಿಕೊಳ್ಳಬೇಕು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಬಹುತೇಕ ಸಲೀಸು. ವಾಂತಿ ಬರುವವರು ರೆಕ್ಕೆಯ ಹತ್ತಿರ ಕೂತರೆ ಕುಲುಕಾಟ ಕಡಿಮೆ, ಆದರೆ ಸದ್ದು ಸಹಿಸಿಕೊಳ್ಳಬೇಕು.

ಲಗೇಜ್ ಎಷ್ಟು ಒಯ್ಯಬಹುದು? ಬ್ಯಾಗ್ ಹಿಂದೆ ಉಳಿಯುತ್ತದಂತೆ?

ಎಷ್ಟು ಕೆ.ಜಿ. ಅನ್ನುವುದು ಟಿಕೆಟ್ ಮೇಲೇ ಬರೆದಿರುತ್ತದೆ, ಅದನ್ನೇ ನೋಡಿ. ದೊಡ್ಡ ವಿಮಾನದ ಲೆಕ್ಕ ಹಾಕಬೇಡಿ. ತಲೆಯ ಮೇಲಿನ ಕಪಾಟು ಚಿಕ್ಕದು. ಚಕ್ರದ ಟ್ರಾಲಿ ಅದರಲ್ಲಿ ಹಿಡಿಸದೆ ಕೆಳಗೆ ಹಾಕಿಸಿಕೊಳ್ಳುತ್ತಾರೆ. ಮೆತ್ತನೆಯ ಹೆಗಲ ಬ್ಯಾಗೇ ಸುಖ.

ಬ್ಯಾಗ್ ಹಿಂದೆ ಉಳಿಯುವ ಮಾತು ನಿಜ. ಬಿಸಿಲು ಹೆಚ್ಚಾದರೆ ಗಾಳಿ ತೆಳುವಾಗುತ್ತದೆ, ರೆಕ್ಕೆಗೂ ಇಂಜಿನ್ನಿಗೂ ಹಿಡಿತ ಕಡಿಮೆಯಾಗುತ್ತದೆ. ರನ್‌ವೇ ಒದ್ದೆಯಾಗಿದ್ದರೆ ನಿಲ್ಲಲು ಜಾಸ್ತಿ ದೂರ ಬೇಕು. ಎದುರುಗಾಳಿ ಇದ್ದರೆ ಅನುಕೂಲ, ಇಲ್ಲದಿದ್ದರೆ ಇಲ್ಲ. ಇವನ್ನೆಲ್ಲ ಕೂಡಿಸಿ ಕಳೆದು ಇವತ್ತು ಇಷ್ಟೇ ತೂಕ ಅಂತ ತೀರ್ಮಾನವಾದರೆ, ಜನರನ್ನು ಇಳಿಸುವ ಬದಲು ಮೊದಲು ಇಳಿಯುವುದು ಸೂಟ್‌ಕೇಸು. ಮುಂದಿನ ವಿಮಾನದಲ್ಲಿ ಬರುತ್ತದೆ. ಮುಂದಿನ ವಿಮಾನ ನಾಳೆ ಇರಬಹುದು.

ಹಾಗಾಗಿ ಬಿಪಿ, ಶುಗರ್ ಮಾತ್ರೆ, ಒಂದು ಜೊತೆ ಬಟ್ಟೆ, ಚಾರ್ಜರ್, ಪರ್ಮಿಟ್ ಕಾಗದ ಕೈಚೀಲದಲ್ಲೇ ಇರಲಿ. ಮಕ್ಕಳ ಹಾಲಿನ ಪುಡಿಯೂ ಅಷ್ಟೇ.

ಟಿಕೆಟ್ ಯಾಕೆ ಇಷ್ಟು ದುಬಾರಿ?

ಎಪ್ಪತ್ತು ಚಿಲ್ಲರೆ ಸೀಟು, ಅದರಲ್ಲೂ ಕೆಲವು ದಿನ ಪೂರ್ತಿ ತುಂಬಿಸುವಂತಿಲ್ಲ. ಇಂಧನ, ಪೈಲಟ್ ಸಂಬಳ, ವಿಮಾನದ ಬಾಡಿಗೆ ಎಲ್ಲ ಅಷ್ಟೇ ಜನರ ಮೇಲೆ ಹಂಚಬೇಕು. ಅಕ್ಟೋಬರಿನಿಂದ ಮೇವರೆಗಿನ ಸೀಸನ್ನಿನಲ್ಲಿ ಪ್ರವಾಸಿಗರೂ, ಊರಿಗೆ ಬರುವ ದ್ವೀಪದವರೂ ಅದೇ ಸೀಟಿಗೆ ಬೀಳುತ್ತಾರೆ. ಕೊನೇ ವಾರದಲ್ಲಿ ದರ ಇಳಿಯುತ್ತದೆ ಅಂತ ಕಾಯುವವರು ಇಲ್ಲಿ ಕೈ ಸುಟ್ಟುಕೊಳ್ಳುತ್ತಾರೆ.

ಟಿಕೆಟ್ ಮೊದಲಾ, ಪರ್ಮಿಟ್ ಮೊದಲಾ?

ಪರ್ಮಿಟ್ ಇಲ್ಲದೆ ಟಿಕೆಟ್ ಇದ್ದೂ ಉಪಯೋಗವಿಲ್ಲ. 1967ರ ನಿಯಮದ ಪ್ರಕಾರ ದ್ವೀಪದವರಲ್ಲದ ಭಾರತೀಯರೂ ಪ್ರವೇಶ ಪರವಾನಗಿ ಪಡೆಯಲೇಬೇಕು. ಚೆಕ್-ಇನ್ ಕೌಂಟರಿನಲ್ಲೇ ಕೇಳುತ್ತಾರೆ. ಅರ್ಜಿ ಆನ್‌ಲೈನ್ ಹಾಕಬಹುದು, ಅಥವಾ ಪ್ರವಾಸ ಏರ್ಪಡಿಸುವವರು ಮಾಡಿಸಿಕೊಡುತ್ತಾರೆ. ಲಕ್ಷದ್ವೀಪ ಆಡಳಿತದ್ದೇ ಆದ ಸ್ಪೋರ್ಟ್ಸ್ ಅನ್ನುವ ಪ್ರವಾಸ ಸಂಸ್ಥೆಯ ಪ್ಯಾಕೇಜಿನಲ್ಲಿ ಹೋದರೆ ಆ ತಲೆನೋವು ಅವರದ್ದು. ಪೊಲೀಸ್ ಕ್ಲಿಯರೆನ್ಸ್, ಫೋಟೋ, ಗುರುತಿನ ಚೀಟಿ ಅಂತ ಕಾಗದ ಕೇಳುವ ಪದ್ಧತಿ ಇದೆ. ಅರ್ಜಿ ಹಾಕುವ ದಿನದ ಪಟ್ಟಿ ನೋಡಿಯೇ ಹೊಂದಿಸಿ.

ಪರ್ಮಿಟ್‌ನಲ್ಲಿ ಯಾವ ದ್ವೀಪದ ಹೆಸರಿದೆಯೋ ಅಲ್ಲಿಗೆ ಮಾತ್ರ ಹೋಗಬಹುದು. ಅಗತ್ತಿಗೆ ಅಂತ ಪಡೆದು ಕದ್ಮತ್‌ಗೆ ಹಡಗು ಹತ್ತುವಂತಿಲ್ಲ. ನನ್ನ ಸಲಹೆ: ಮೊದಲು ಇಳಿದುಕೊಳ್ಳುವ ಜಾಗ, ಆಮೇಲೆ ಪರ್ಮಿಟ್, ಅದರ ಬೆನ್ನಿಗೇ ಟಿಕೆಟ್. ಸೀಟು ಹೋಗಿಬಿಡುತ್ತೆ ಅನ್ನುವ ಭಯ ಇದ್ದರೆ ವಾಪಸ್ ಹಣ ಸಿಗುವ ದರದ ಟಿಕೆಟ್ ತೆಗೆದುಕೊಳ್ಳಿ.

ಮಳೆಗಾಲದಲ್ಲಿ ವಿಮಾನ ಇರುತ್ತದಾ?

ಇರುತ್ತದೆ, ನಂಬುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು ನೇರವಾಗಿ ಈ ದ್ವೀಪಗಳ ಮೇಲೇ ಬೀಸುತ್ತದೆ. ದೊಡ್ಡ ನಿಲ್ದಾಣಗಳಲ್ಲಿ ರೇಡಿಯೋ ಕಿರಣ ಹಿಡಿದು ರನ್‌ವೇ ತನಕ ಇಳಿಸುವ ಐಎಲ್ಎಸ್ ಇರುತ್ತದೆ. ಅಗತ್ತಿಯಲ್ಲಿ ಅದಿಲ್ಲ. ಪೈಲಟ್ ಕಣ್ಣಿಗೆ ರನ್‌ವೇ ಸಾಕಷ್ಟು ಮುಂಚೆ ಕಾಣಲೇಬೇಕು. ಮಳೆ ಪರದೆ ಕಟ್ಟಿದರೆ ಒಂದೆರಡು ಸುತ್ತು ಹಾಕಿ ನೋಡುತ್ತಾರೆ, ಆಮೇಲೆ ವಾಪಸ್.

ವಾಪಸ್ ಅಂದರೆ ಪಕ್ಕದೂರಿಗಲ್ಲ. ಹತ್ತಿರದ ದೊಡ್ಡ ರನ್‌ವೇ ಕರಾವಳಿಯಲ್ಲಿ, ನಾನೂರು ಕಿಲೋಮೀಟರ್ ಆಚೆ. ಹೊರಡುವಾಗಲೇ ಆ ವಾಪಸ್ ದಾರಿಯ ಇಂಧನ ತುಂಬಿಕೊಂಡೇ ಬಂದಿರುತ್ತಾರೆ. ಹಾಗಾಗಿ ಗಾಬರಿ ಬೇಡ. ಎರಡು ಗಂಟೆ ಹಾರಿ ಹೊರಟ ಜಾಗಕ್ಕೇ ಬಂದು ಇಳಿದರೆ ಬೇಜಾರಾಗುತ್ತದೆ, ನಿಜ. ಅದು ಪೈಲಟ್ ತನ್ನ ಕೆಲಸ ಸರಿಯಾಗಿ ಮಾಡಿದ ದಿನ.

ರದ್ದಾದರೆ ಹಣ, ಊಟ, ಹೋಟೆಲ್?

ವಿಮಾನ ಸಂಸ್ಥೆಯೇ ರದ್ದು ಮಾಡಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ, ಆಯ್ಕೆ ನಿಮ್ಮದು. ನೀವು ನಿಲ್ದಾಣಕ್ಕೆ ಬಂದ ಮೇಲೆ ಎರಡು ಗಂಟೆಗಿಂತ ತಡವಾದರೆ ಇಷ್ಟು ದೂರದ ವಿಮಾನಕ್ಕೆ ತಿಂಡಿ-ಊಟ ಕೊಡಬೇಕು. ಇದು ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮ. ಆದರೆ ಹವಾಮಾನದಿಂದ ರದ್ದಾದರೆ ಅದರ ಮೇಲೆ ಪರಿಹಾರದ ಹಣ ಸಿಗುವುದಿಲ್ಲ. ಅಗತ್ತಿ ವಿಮಾನ ರದ್ದಾಗುವುದು ಹೆಚ್ಚಾಗಿ ಹವಾಮಾನಕ್ಕೇ.

ಬೇರೆ ಬೇರೆ ಪಿಎನ್ಆರ್‌ನಲ್ಲಿ ಕೊಚ್ಚಿವರೆಗೆ ಒಂದು, ಅಲ್ಲಿಂದ ಇನ್ನೊಂದು ಅಂತ ಬುಕ್ ಮಾಡಿದ್ದರೆ, ಒಂದು ತಪ್ಪಿದರೆ ಇನ್ನೊಂದರ ಹೊಣೆ ಯಾರದ್ದೂ ಅಲ್ಲ. ವಾಪಸ್ ಬರುವಾಗ ಕೊಚ್ಚಿಯಲ್ಲೋ ಬೆಂಗಳೂರಲ್ಲೋ ಒಂದು ರಾತ್ರಿ ಬಿಡುವು ಇಟ್ಟುಕೊಳ್ಳಿ. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗಲೇಬೇಕು ಅಂದರೆ ಭಾನುವಾರ ಅಗತ್ತಿಯಿಂದ ಹೊರಡುವ ಪ್ಲಾನ್ ಸುಮ್ನೆ ಕೈಬಿಡಿ.

ಹಡಗು ವಾಸಿಯಾ? ಮಂಗಳೂರಿನಿಂದ ಇದೆಯಾ?

ಮುಖ್ಯ ಹಡಗುಗಳು ಕೊಚ್ಚಿಯಿಂದ. ಎಂವಿ ಕವರತ್ತಿ, ಎಂವಿ ಕೋರಲ್ಸ್, ಎಂವಿ ಲಗೂನ್ಸ್ ಇಂಥವು. ದ್ವೀಪವನ್ನು ಅವಲಂಬಿಸಿ ಹದಿನಾಲ್ಕರಿಂದ ಹದಿನೆಂಟು ಗಂಟೆ ಹಿಡಿಯುತ್ತದೆ. ಅಗ್ಗ, ಲಗೇಜಿನ ಕಿರಿಕಿರಿ ಕಡಿಮೆ. ಕೆಲವು ದ್ವೀಪಗಳಲ್ಲಿ ಹಡಗು ದೂರದಲ್ಲೇ ನಿಂತು, ಅಲ್ಲಿಂದ ದೋಣಿಗೆ ಇಳಿಯಬೇಕು. ವಯಸ್ಸಾದವರಿಗೆ ಅದು ಕಷ್ಟ.

ಮಂಗಳೂರಿಗೂ ಲಕ್ಷದ್ವೀಪಕ್ಕೂ ನಂಟು ಹಳೆಯದು. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ 1956ರವರೆಗೆ ಆಗಿನ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ತೆಂಗಿನ ನಾರು, ಕೊಬ್ಬರಿ ಮಂಗಳೂರು ಬಂದರಿಗೆ ಬಂದರೆ ಅಕ್ಕಿ ಅಲ್ಲಿಂದ ಹೋಗುತ್ತಿತ್ತು. 1956ರ ನವೆಂಬರ್ 1ರಂದು, ನಮ್ಮ ರಾಜ್ಯ ಒಂದಾದ ದಿನವೇ, ಆ ದ್ವೀಪಗಳು ಕೇಂದ್ರಾಡಳಿತ ಪ್ರದೇಶವಾದವು. ಅಗತ್ತಿಯಂಥ ಉಳಿದ ದ್ವೀಪಗಳು ಅಲ್ಲಿಯವರೆಗೆ ಮಲಬಾರಿನ ಕಡೆಗಿದ್ದವು. 2024ರ ಮೇ ತಿಂಗಳಲ್ಲಿ ಪರಲಿ ಅನ್ನುವ ವೇಗದ ಹಡಗು 160 ಪ್ರಯಾಣಿಕರನ್ನು ಹೊತ್ತು ಏಳು ಗಂಟೆಯಲ್ಲಿ ಮಂಗಳೂರಿಗೆ ಬಂದಾಗ ಕರಾವಳಿಯಲ್ಲಿ ಖುಷಿಯಾಗಿದ್ದು ಅದಕ್ಕೇ. ಆದರೆ ಅದನ್ನು ದಿನವಹಿ ಸರ್ವಿಸ್ ಅಂತ ನಂಬಿ ರಜೆ ಗೊತ್ತು ಮಾಡಬೇಡಿ.

ಅಗತ್ತಿಯಿಂದ ಬೇರೆ ದ್ವೀಪಕ್ಕೆ?

ಬಂಗಾರಂ ದ್ವೀಪ ಹತ್ತಿರದಲ್ಲೇ ಇದೆ, ದೋಣಿಯಲ್ಲಿ ಹೋಗಬಹುದು. ಕವರತ್ತಿ ಸುಮಾರು 55 ಕಿಲೋಮೀಟರ್, ವೇಗದ ಹಡಗಿನಲ್ಲಿ ಎರಡು-ಮೂರು ಗಂಟೆ. ಹೆಲಿಕಾಪ್ಟರ್ ಇದೆ, ಆದರೆ ರೋಗಿಗಳಿಗೆ ಮೊದಲ ಆದ್ಯತೆ. ಕಾದಿರಿಸಿದ ಸೀಟೂ ಆ ಕಾರಣಕ್ಕೆ ಹೋಗಬಹುದು, ಹೋಗಲೂ ಬೇಕು.

ದ್ವೀಪದವರು ಈ ವಿಮಾನವನ್ನು ಹೇಗೆ ಬಳಸುತ್ತಾರೆ?

ಈ ಪ್ರಶ್ನೆ ಕೇಳುವವರು ಕಡಿಮೆ. ಅಗತ್ತಿಯಲ್ಲಿ ಏಳೂವರೆ ಸಾವಿರದಷ್ಟು ಜನ ಇದ್ದಾರೆ. ರಾಜೀವ್ ಗಾಂಧಿ ಆಸ್ಪತ್ರೆ ಅಲ್ಲೇ ಇದೆ, ಆದರೆ ದೊಡ್ಡ ಚಿಕಿತ್ಸೆಗೆ ಕೊಚ್ಚಿಗೇ ಹೋಗಬೇಕು. ಕಾಲೇಜು, ಪರೀಕ್ಷೆ, ಕೋರ್ಟು, ಕೆಲಸದ ಸಂದರ್ಶನ ಎಲ್ಲದಕ್ಕೂ ಸಮುದ್ರ ದಾಟಲೇಬೇಕು. ನಿಮ್ಮ ಪಕ್ಕದಲ್ಲಿ ಕೂತ ಅಜ್ಜಿಯ ಕೈಯಲ್ಲಿ ಎಕ್ಸ್‌ರೇ ಕವರು ಇದ್ದರೆ ಆಶ್ಚರ್ಯಪಡಬೇಡಿ.

ಈ ಸೇವೆ ಶುರುವಾಗಿದ್ದು 1988ರ ಏಪ್ರಿಲ್‌ನಲ್ಲಿ, ಆಗಿನ ಸರ್ಕಾರಿ ವಿಮಾನ ಸಂಸ್ಥೆ ವಾಯುದೂತ್‌ನ ಹತ್ತೊಂಬತ್ತು ಸೀಟಿನ ಡಾರ್ನಿಯರ್ ವಿಮಾನದಿಂದ. ಅದಕ್ಕೂ ಮುಂಚೆ ಎಲ್ಲವೂ ಹಡಗೇ. ನಡುವೆ ಬೆಂಗಳೂರಿನ ಕಿಂಗ್‌ಫಿಷರ್ ಕೂಡ ಎಟಿಆರ್ ಹಾರಿಸಿತ್ತು. 2012ರಲ್ಲಿ ಆ ಸಂಸ್ಥೆಯೇ ಮುಚ್ಚಿಹೋಯಿತು. ಬೆಂಗಳೂರಿನಲ್ಲಿ ಒಂದು ಏರ್‌ಲೈನ್ ನಿಂತರೆ ನಮಗೆ ಇನ್ನೊಂದಿದೆ. ಅಲ್ಲಿ ನಿಂತರೆ ಆಯ್ಕೆಯೇ ಕರಗುತ್ತದೆ. ಅದಕ್ಕೇ ಕೌಂಟರಿನಲ್ಲಿ ಸ್ಥಳೀಯ ರೋಗಿಯೊಬ್ಬರಿಗೆ ಸೀಟು ಹೊಂದಿಸಲು ಕೇಳಿದರೆ ಮುಖ ಸಿಂಡರಿಸಬೇಡಿ.

ಅಲ್ಲಿ ಭಾಷೆ, ದುಡ್ಡು?

ಮಾತು ಜೆಸರಿ, ಮಲಯಾಳದ ಒಂದು ರೂಪ. ಹಿಂದಿ, ಇಂಗ್ಲಿಷ್ ಬಹಳ ಕಡೆ ನಡೆಯುತ್ತದೆ. ಲಕ್ಷದ್ವೀಪದ ಲೀಡ್ ಬ್ಯಾಂಕ್, ಅಂದರೆ ಅಲ್ಲಿನ ಬ್ಯಾಂಕಿಂಗ್ ಸೇವೆಯ ಮುಂದಾಳು, ಆಗಿದ್ದದ್ದು ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್. 2020ರಲ್ಲಿ ಅದು ಕೆನರಾ ಬ್ಯಾಂಕಿನೊಳಗೆ ಸೇರಿತು, ಬೋರ್ಡು ಬದಲಾಯಿತು. ಒಟ್ಟಿನಲ್ಲಿ ನಮ್ಮ ಕರಾವಳಿಯ ಬ್ಯಾಂಕೇ. ಆದರೂ ಕೈಯಲ್ಲಿ ನಗದು ಇಟ್ಟುಕೊಳ್ಳಿ, ನೆಟ್‌ವರ್ಕ್ ಕೈಕೊಟ್ಟ ಹೊತ್ತಿನಲ್ಲಿ ಫೋನ್ ತೋರಿಸಿದರೆ ಊಟ ಸಿಗುವುದಿಲ್ಲ.

ಲಗೇಜಿನಲ್ಲಿ ಏನು ಇರಬಾರದು?

ಹೋಗುವಾಗ ಮದ್ಯ ಬೇಡ. ಜನವಸತಿ ಇರುವ ದ್ವೀಪಗಳಲ್ಲಿ ಪಾನನಿಷೇಧ ಇದೆ. ಬಂಗಾರಂ ರೆಸಾರ್ಟ್ ಮಾತ್ರ ಅದಕ್ಕೆ ಹೊರತು. ಡ್ರೋನ್ ಒಯ್ಯುವ ಆಸೆ ಇದ್ದರೆ ಮೊದಲೇ ಲಿಖಿತ ಅನುಮತಿ ಪಡೆಯಿರಿ.

ಬರುವಾಗ ಹವಳ ಬೇಡ. ದಡದಲ್ಲಿ ಸುಮ್ನೆ ಬಿದ್ದಿದ್ದ ಸತ್ತ ಹವಳದ ತುಂಡು ಅಂದರೂ ನಡೆಯುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹವಳಕ್ಕೆ ಹುಲಿಗೆ ಇರುವಂಥದೇ ರಕ್ಷಣೆ ಇದೆ. ಸಮುದ್ರ ಸೌತೆ, ಕೆಲವು ಜಾತಿಯ ಶಂಖ-ಚಿಪ್ಪುಗಳಿಗೂ ಅಷ್ಟೇ. ಸ್ಕ್ಯಾನರಿನಲ್ಲಿ ಸಿಕ್ಕಿಬಿದ್ದರೆ ಮಕ್ಕಳು ಆಟಕ್ಕೆ ಹಾಕಿಕೊಂಡರು ಅನ್ನುವ ಮಾತು ಉಳಿಸುವುದಿಲ್ಲ. ಹೊರಡುವ ಹಿಂದಿನ ರಾತ್ರಿಯೇ ಮಕ್ಕಳ ಬ್ಯಾಗ್ ಒಂದು ಸಲ ಕೊಡವಿ ನೋಡಿ.

ತರಬೇಕು ಅನ್ನಿಸಿದರೆ ಒಣಗಿಸಿ ಹೊಗೆ ಹಾಕಿದ ಟ್ಯೂನಾ, ಅಂದರೆ ಮಾಸ್, ತನ್ನಿ. ಮರದ ತುಂಡಿನ ಹಾಗೆ ಗಟ್ಟಿ, ತಿಂಗಳುಗಟ್ಟಲೆ ಕೆಡುವುದಿಲ್ಲ, ತುರಿದು ಚಟ್ನಿ ಮಾಡಿದರೆ ಗಂಜಿಗೆ ಬೇರೇನೂ ಬೇಡ. ಮೂರು ಪದರ ಪ್ಲಾಸ್ಟಿಕ್ ಸುತ್ತಿ ಕೆಳಗೆ ಹಾಕುವ ಬ್ಯಾಗಿನಲ್ಲಿಡಿ. ಕೈಚೀಲದಲ್ಲಿ ಇಟ್ಟರೆ ಎಟಿಆರ್‌ನ ಪುಟ್ಟ ಕ್ಯಾಬಿನ್ನಿನಲ್ಲಿ ಬೆಂಗಳೂರು ಬರುವವರೆಗೂ ಎಲ್ಲರೂ ನಿಮ್ಮನ್ನೇ ನೋಡುತ್ತಾರೆ.